ತಿಂಗಳಿಗೆ 350 ಕಿ.ಮೀ. ಓಡಿಸುವವರಿಗೆ ಪೆಟ್ರೋಲ್ ಕಾರೋ, ಕರೆಂಟ್ ಕಾರೋ?

ಪ್ರಶ್ನೆ: ನಾವು ಗಂಡ ಹೆಂಡತಿ ಇಬ್ಬರೂ ನಿವೃತ್ತರು. ಮೈಸೂರಿನ ಕುವೆಂಪುನಗರದಲ್ಲಿ ಸ್ವಂತ ಮನೆ, ಕಾಂಪೌಂಡಿನೊಳಗೆ ಕಾರ್ ಶೆಡ್ ಇದೆ. ನಮ್ಮದು 2013ರ ಪೆಟ್ರೋಲ್ ಕಾರು, ಇಷ್ಟು ವರ್ಷಕ್ಕೆ ಓಡಿರುವುದು 46,000 ಕಿ.ಮೀ. ಮಾರ್ಕೆಟ್ಟು, ದೇವಸ್ಥಾನ, ಆಸ್ಪತ್ರೆ, ಮೊಮ್ಮಗಳ ಡ್ಯಾನ್ಸ್ ಕ್ಲಾಸು ಎಂದು ಊರೊಳಗೆ ತಿಂಗಳಿಗೆ 250 ಕಿ.ಮೀ. ಆಗುತ್ತದೆ. ವರ್ಷಕ್ಕೆ ನಾಲ್ಕು ಸಲ ಬೆಂಗಳೂರಿಗೆ ಹೋಗಿಬರುತ್ತೇವೆ. ವರ್ಷ ಬಿಟ್ಟು ವರ್ಷ ಅಮೆರಿಕದಲ್ಲಿರುವ ಮಗಳ ಮನೆಗೆ ಹೋದಾಗ ನಾಲ್ಕೈದು ತಿಂಗಳು ಕಾರು ನಿಂತಲ್ಲೇ ನಿಂತಿರುತ್ತದೆ. ನನಗೆ ಮೊಣಕಾಲು ನೋವು, ಕ್ಲಚ್ ತುಳಿಯುವುದು ಕಷ್ಟವಾಗುತ್ತಿದೆ. ಎಲೆಕ್ಟ್ರಿಕ್ ಕಾರು ತೆಗೆದುಕೊಂಡರೆ ಪೆಟ್ರೋಲ್ ಖರ್ಚೇ ಇರುವುದಿಲ್ಲ ಎನ್ನುತ್ತಾರೆ. ಇಷ್ಟು ಕಡಿಮೆ ಓಡಿಸುವವರಿಗೆ ಅದು ಸರಿಯೇ?

ಉತ್ತರ: ಪೆಟ್ರೋಲ್ ಖರ್ಚು ಉಳಿಯುತ್ತದೆ ಎಂಬ ಒಂದೇ ಕಾರಣಕ್ಕೆ ಹೊಸ ಎಲೆಕ್ಟ್ರಿಕ್ ಕಾರು ಕೊಳ್ಳುವುದಾದರೆ ಬೇಡ. ನಿಮ್ಮ ಓಡಾಟಕ್ಕೆ ಆ ಲೆಕ್ಕ ಕೂಡಿಬರುವುದಿಲ್ಲ. ಆದರೆ ನಿಮ್ಮ ಪ್ರಶ್ನೆಯಲ್ಲಿ ಇನ್ನೂ ಎರಡು ಸಂಗತಿಗಳಿವೆ: ಓಡಾಟವೆಲ್ಲ ಎರಡು ಮೂರು ಕಿ.ಮೀ.ಗಳ ತುಂಡು ತುಂಡು, ಜೊತೆಗೆ ಮೊಣಕಾಲು. ಇವೆರಡೂ ಎಲೆಕ್ಟ್ರಿಕ್ ಕಡೆಗೇ ವಾಲುತ್ತವೆ. ಹಾಗಾಗಿ ಮೊದಲು ಹಣದ ಲೆಕ್ಕ ಮುಗಿಸೋಣ.

ವರ್ಷಕ್ಕೆ ನಿಮ್ಮ ಓಡಾಟ ಊರೊಳಗೆ 3,000 ಕಿ.ಮೀ., ಬೆಂಗಳೂರಿಗೆ 1,200 ಕಿ.ಮೀ. ಸಣ್ಣ ಪೆಟ್ರೋಲ್ ಕಾರು ಬ್ರೋಷರ್‌ನಲ್ಲಿ ಲೀಟರ್‌ಗೆ 19-20 ಎಂದು ಹೇಳಿಕೊಂಡರೂ, ಎಂಜಿನ್ ಬಿಸಿಯಾಗುವ ಮೊದಲೇ ಮುಗಿದುಹೋಗುವ ಓಡಾಟದಲ್ಲಿ 12 ಕೊಟ್ಟರೆ ಹೆಚ್ಚು. ಹೆದ್ದಾರಿಯಲ್ಲಿ 18 ಕೊಡಬಹುದು. ಊರಿಗೆ 250 ಲೀಟರ್, ಬೆಂಗಳೂರಿಗೆ 67 ಲೀಟರ್. ಲೀಟರ್‌ಗೆ 103 ರೂಪಾಯಿ ಹಿಡಿದರೆ ವರ್ಷಕ್ಕೆ 32,600 ರೂಪಾಯಿ.

ಅದೇ ಗಾತ್ರದ, 24 ಯೂನಿಟ್ (ಕಿಲೋವ್ಯಾಟ್ ಅವರ್) ಹಿಡಿಸುವ ಬ್ಯಾಟರಿಯ ಎಲೆಕ್ಟ್ರಿಕ್ ಕಾರು ಊರೊಳಗೆ ಗೋಡೆಯ ಮೀಟರ್ ಲೆಕ್ಕದಲ್ಲಿ ಯೂನಿಟ್‌ಗೆ 6.5 ಕಿ.ಮೀ. ಕೊಡುತ್ತದೆ. ಡ್ಯಾಶ್‌ಬೋರ್ಡ್‌ನಲ್ಲಿ ಏಳೂವರೆ ಎಂದು ಕಾಣಬಹುದು. ಚಾರ್ಜ್ ಆಗುವಾಗ ಶಾಖವಾಗಿ ಸೋರಿಹೋಗುವ ಹತ್ತು ಹನ್ನೆರಡು ಪರ್ಸೆಂಟ್ ಅದಕ್ಕೆ ಗೊತ್ತಿರುವುದಿಲ್ಲ, ಬಿಲ್ಲಿಗೆ ಗೊತ್ತಿರುತ್ತದೆ. ಊರಿನ ಓಡಾಟಕ್ಕೆ 460 ಯೂನಿಟ್, ಬೆಂಗಳೂರಿಗೆ ಯೂನಿಟ್‌ಗೆ 6 ಕಿ.ಮೀ.ಯಂತೆ 200 ಯೂನಿಟ್. ಈ 200ರಲ್ಲಿ ಅರ್ಧವನ್ನು ದಾರಿಯ ಫಾಸ್ಟ್ ಚಾರ್ಜರ್‌ನಲ್ಲಿ ಯೂನಿಟ್‌ಗೆ ಇಪ್ಪತ್ತು ಚಿಲ್ಲರೆ ಕೊಟ್ಟು ತುಂಬಿಸಿಕೊಳ್ಳಬೇಕಾಗುತ್ತದೆ. ಮನೆಯ ಕರೆಂಟಿಗೆ 2025-26ರ ದರ 5 ರೂಪಾಯಿ 80 ಪೈಸೆ, ತೆರಿಗೆ ಸರ್‌ಚಾರ್ಜ್ ಸೇರಿ 7 ರೂಪಾಯಿ ಅಂದುಕೊಳ್ಳಿ. ಎಲ್ಲ ಸೇರಿ ವರ್ಷಕ್ಕೆ 6,000 ರೂಪಾಯಿ. ಉಳಿತಾಯ 26,600. ಎಂಜಿನ್ ಆಯಿಲ್, ಫಿಲ್ಟರ್, ಪ್ಲಗ್ ಇಲ್ಲದ್ದರಿಂದ ಸರ್ವೀಸಿನಲ್ಲಿ ಒಂದು ಮೂರು ಸಾವಿರ ಕಡಿಮೆ. ಥರ್ಡ್ ಪಾರ್ಟಿ ವಿಮೆಯಲ್ಲಿ ಇವಿಗೆ (ಎಲೆಕ್ಟ್ರಿಕ್ ವಾಹನಕ್ಕೆ) 15 ಪರ್ಸೆಂಟ್ ರಿಯಾಯಿತಿ ಇದೆ ನಿಜ, ಆದರೆ ಕಾರಿನ ಬೆಲೆಯೇ ಹೆಚ್ಚಿರುವುದರಿಂದ ಸ್ವಂತ ಹಾನಿಯ ವಿಮೆ ಅದನ್ನು ತಿಂದುಹಾಕುತ್ತದೆ. ಒಟ್ಟು 30,000 ರೂಪಾಯಿ ಎಂದಿಟ್ಟುಕೊಳ್ಳಿ.

ಈಗ ಬೆಲೆ. ಇವಿಯನ್ನು ಹೋಲಿಸಬೇಕಾದ್ದು ಗೇರ್ ಬದಲಿಸುವ ಪೆಟ್ರೋಲ್ ಕಾರಿನ ಜೊತೆಗಲ್ಲ, ಆಟೊಮ್ಯಾಟಿಕ್ ಜೊತೆಗೆ. ಏಕೆಂದರೆ ನಿಮಗೆ ಕ್ಲಚ್ ಬೇಡ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರಿನ ಜಿಎಸ್‌ಟಿ 18 ಪರ್ಸೆಂಟ್‌ಗೆ ಇಳಿಯಿತು, ಇವಿಯದು ಮೊದಲಿನ 5ರಲ್ಲೇ ಉಳಿಯಿತು. ಹೀಗಾಗಿ ಕಡಿಮೆಯಾಗುತ್ತಿದ್ದ ಬೆಲೆಯ ಅಂತರ ಮತ್ತೆ ಹಿಗ್ಗಿತು. ಇನ್ನೊಂದು ಕಡೆ, 5ರಿಂದ 10 ಲಕ್ಷದ ಪೆಟ್ರೋಲ್ ಕಾರಿಗೆ ನಮ್ಮ ರಾಜ್ಯದಲ್ಲಿ 14 ಪರ್ಸೆಂಟ್ ಜೀವಾವಧಿ ತೆರಿಗೆ, ಅದರ ಮೇಲೆ ಸೆಸ್. ಇವಿಗೆ ಈ ತೆರಿಗೆಯಲ್ಲಿ ರಿಯಾಯಿತಿ ಉಂಟು, ಆದರೆ ಸರ್ಕಾರ ಆ ನಿಯಮವನ್ನು ಆಗಾಗ ತಿದ್ದುತ್ತಿದೆ. ಆದ್ದರಿಂದ ಎಕ್ಸ್-ಶೋರೂಮ್ ಬೆಲೆ ನೋಡಿ ತೀರ್ಮಾನಿಸಬೇಡಿ, ಎರಡೂ ಕಾರುಗಳ ಆನ್-ರೋಡ್ ಬೆಲೆಯನ್ನು ಒಂದೇ ವಾರದಲ್ಲಿ ಬರೆಸಿಕೊಳ್ಳಿ. ಅಂತರ ಸುಮಾರು 3 ಲಕ್ಷ ಬರುತ್ತದೆ ಎಂದು ಹಿಡಿಯೋಣ.

ಮೂರು ಲಕ್ಷವನ್ನು ಮೂವತ್ತು ಸಾವಿರದಿಂದ ಭಾಗಿಸಿದರೆ ಹತ್ತು ವರ್ಷ. ಇಷ್ಟಕ್ಕೇ ನಿಲ್ಲಿಸುವುದು ಶೋರೂಮಿನ ಲೆಕ್ಕ. ನಿವೃತ್ತರ ಲೆಕ್ಕ ಬೇರೆ: ಆ ಮೂರು ಲಕ್ಷ ಬ್ಯಾಂಕಿನಲ್ಲಿ ಎಫ್‌ಡಿ ಇದ್ದರೆ ಆರೂವರೆ ಪರ್ಸೆಂಟ್‌ನಂತೆ ವರ್ಷಕ್ಕೆ 19,500 ರೂಪಾಯಿ ಬಡ್ಡಿ ಬರುತ್ತಿತ್ತು. ಅದನ್ನು ಕಳೆದರೆ ನಿಜವಾದ ಉಳಿತಾಯ 10,500. ಹೆಚ್ಚಿನ ಇವಿಗಳ ಬ್ಯಾಟರಿ ವಾರಂಟಿ 8 ವರ್ಷ ಅಥವಾ 1,60,000 ಕಿ.ಮೀ., ಯಾವುದು ಮೊದಲೋ ಅದು. ನೀವು 8 ವರ್ಷದಲ್ಲಿ ಓಡಿಸುವುದು 34,000 ಕಿ.ಮೀ. ಕಿ.ಮೀ.ಗಳೆಲ್ಲ ಹಾಗೇ ಉಳಿದು ವರ್ಷ ಮುಗಿದುಹೋಗುತ್ತದೆ. ತಿಂಗಳಿಗೆ 1,200-1,500 ಕಿ.ಮೀ. ಓಡಿಸುವವರು ಇದೇ ಅಂತರವನ್ನು ಮೂರು ವರ್ಷದೊಳಗೆ ಮುಗಿಸುತ್ತಾರೆ. ‘ಇವಿ ತಗೊಂಡೆ, ದುಡ್ಡು ಉಳೀತು’ ಎನ್ನುವವರು ಬಹುತೇಕ ಅವರೇ. ಅವರ ಮಾತು ಸುಳ್ಳಲ್ಲ, ನಿಮಗೆ ಅನ್ವಯಿಸುವುದಿಲ್ಲ ಅಷ್ಟೆ.

ಗೃಹಜ್ಯೋತಿಯಲ್ಲಿ ನಿಮ್ಮ ಮನೆ ಇದ್ದರೆ ಇನ್ನೊಂದು ಗಂಟು ಇದೆ. ಕಾರಿನಿಂದ ತಿಂಗಳಿಗೆ ಸರಾಸರಿ 47 ಯೂನಿಟ್ ಹೆಚ್ಚಾಗುತ್ತದೆ. ನಿಮ್ಮ ಉಚಿತ ಮಿತಿ ಮೀರಿದರೂ 200ರೊಳಗಿದ್ದರೆ ಹೆಚ್ಚುವರಿ ಯೂನಿಟ್‌ಗಷ್ಟೇ ದುಡ್ಡು. ಒಟ್ಟು ಬಳಕೆ 200 ದಾಟಿದರೆ ಆ ತಿಂಗಳ ಇಡೀ ಬಿಲ್ ನಿಮ್ಮದೇ. ಈಗ 110 ಯೂನಿಟ್ ಉರಿಸುವ ಮನೆಗೆ ಚಿಂತೆಯಿಲ್ಲ. 160 ಉರಿಸುವ ಮನೆಯಲ್ಲಿ ಕಾರು ಸೇರಿ 207 ಆಯಿತೆನ್ನಿ, ಸೊನ್ನೆ ಬರುತ್ತಿದ್ದ ಬಿಲ್ 3 ಕಿಲೋವ್ಯಾಟ್ ಸಂಪರ್ಕಕ್ಕೆ ನಿಗದಿತ ಶುಲ್ಕ ಸೇರಿ 1,800 ರೂಪಾಯಿ ಆಸುಪಾಸಿಗೆ ಜಿಗಿಯುತ್ತದೆ. ಪೆಟ್ರೋಲ್ ಉಳಿಸಿದ್ದರಲ್ಲಿ ಮುಕ್ಕಾಲು ಅಲ್ಲಿಗೆ ಹೋಯಿತು. ಕಳೆದ ಹನ್ನೆರಡು ತಿಂಗಳ ಬಿಲ್ ತೆಗೆದು ಯೂನಿಟ್ ಕಾಲಂ ಮೇಲೆ ಕಣ್ಣಾಡಿಸಿ, ಬೇಸಿಗೆಯ ತಿಂಗಳುಗಳನ್ನು ವಿಶೇಷವಾಗಿ. ಇವಿ ಚಾರ್ಜಿಂಗ್‌ಗೆಂದೇ ಬೇರೆ ದರಪಟ್ಟಿ ಇದೆ. ನಿಮ್ಮ ಮನೆಗೆ ಅದರಡಿ ಪ್ರತ್ಯೇಕ ಮೀಟರ್ ಕೊಡುತ್ತಾರೆಯೇ, ಕೊಟ್ಟರೆ ನಿಗದಿತ ಶುಲ್ಕ ಎಷ್ಟು ಬೀಳುತ್ತದೆ ಎಂದು ಸೆಸ್ಕ್ (ನಿಮ್ಮೂರಿಗೆ ಕರೆಂಟ್ ಕೊಡುವ ಕಂಪನಿ) ಉಪವಿಭಾಗದಲ್ಲಿ ವಿಚಾರಿಸಿ ನಂತರ ತೂಗಿ ನೋಡಿ.

ಹಾಗಾದರೆ ಪೆಟ್ರೋಲೇ ಸರಿ ಎನ್ನುವ ಮೊದಲು ಒಂದು ಸಣ್ಣ ಪರೀಕ್ಷೆ ಮಾಡಿ. ನಾಳೆ ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡುವ ಮುಂಚೆ ಬಾನೆಟ್ ಎತ್ತಿ, ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ತೆಗೆದು ಒಳಮೈ ನೋಡಿ. ಬರಿ ಕಂದು ಎಣ್ಣೆ ಅಂಟಿದ್ದರೆ ಸರಿ. ಕಾಫಿಗೆ ಹಾಲು ಹೆಚ್ಚಾದಂಥ ಬಣ್ಣದ ಜಿಗುಟು ಕೆನೆ ಕಂಡರೆ ಅದು ಎಣ್ಣೆಯಲ್ಲಿ ಕಲಸಿಹೋದ ನೀರು. ಒಂದು ಲೀಟರ್ ಪೆಟ್ರೋಲ್ ಉರಿದರೆ ಹೆಚ್ಚೂಕಡಿಮೆ ಒಂದು ಲೀಟರ್‌ನಷ್ಟೇ ನೀರು ಹುಟ್ಟುತ್ತದೆ. ಎಂಜಿನ್ ಕಾದಿದ್ದರೆ ಅದು ಆವಿಯಾಗಿ ಸೈಲೆನ್ಸರ್‌ನಿಂದ ಹೊರಬೀಳುತ್ತದೆ. ಕೂಲೆಂಟ್ ಕಾಯಲು ಐದಾರು ಕಿ.ಮೀ. ಬೇಕು, ಎಣ್ಣೆ ಕಾಯಲು ಇನ್ನೂ ಹೆಚ್ಚು, ಕಾಲು ಗಂಟೆಯಾದರೂ ಬೇಕು. ಮನೆಯಿಂದ ಮಾರ್ಕೆಟ್ಟಿಗೆ ಎರಡೂವರೆ ಕಿ.ಮೀ. ಹೋಗಿ ಆಫ್ ಮಾಡಿದರೆ ನೀರು ಒಳಗೇ ನಿಲ್ಲುತ್ತದೆ, ಸೈಲೆನ್ಸರ್ ಡಬ್ಬಿ ಒಳಗಿನಿಂದ ತುಕ್ಕು ಹಿಡಿಯುತ್ತದೆ. ತಣ್ಣಗಿನ ಎಂಜಿನ್‌ಗೆ ಕಂಪ್ಯೂಟರ್ ಹೆಚ್ಚು ಪೆಟ್ರೋಲ್ ಸುರಿಯುತ್ತದೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆ ಹಿಡಿದು ಕೆಳಗಿಳಿದು ಆಯಿಲ್ ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದರೆ, ಮೂಗಿಗೆ ಹಿಡಿದಾಗ ಪೆಟ್ರೋಲ್ ವಾಸನೆ ಬಂದರೆ ಇದೇ ಕಾರಣ. ‘46,000 ಮಾತ್ರ ಓಡಿದೆ, ಎಂಜಿನ್ ಹೊಸದಿದ್ದಂತಿದೆ’ ಎನ್ನುವುದು ಯಾವಾಗಲೂ ನಿಜವಲ್ಲ. ಹೆದ್ದಾರಿಯಲ್ಲಿ ಲಕ್ಷ ಓಡಿದ ಎಂಜಿನ್ ಒಳಗೆ ಇದಕ್ಕಿಂತ ಚೊಕ್ಕಟವಾಗಿರಬಹುದು.

ಪೆಟ್ರೋಲ್ ಕಾರಿನ 12 ವೋಲ್ಟಿನ ಸಣ್ಣ ಬ್ಯಾಟರಿಯ ಕಷ್ಟವೂ ಹೀಗೇ. ಸೆಲ್ಫ್ ಹೊಡೆದಾಗ ಖರ್ಚಾದದ್ದು, ಎಸಿ, ಲೈಟ್, ಮ್ಯೂಸಿಕ್ ತಿಂದದ್ದು ಎಲ್ಲ ವಾಪಸ್ ತುಂಬಲು ಇಪ್ಪತ್ತು ಮೂವತ್ತು ನಿಮಿಷದ ಓಡಾಟ ಬೇಕು. ಕಾರು ನಿಂತಾಗಲೂ ಲಾಕ್, ಅಲಾರಂ, ಗಡಿಯಾರ ಸೇರಿ 40 ಮಿಲಿ ಆಂಪಿಯರ್‌ನಷ್ಟು ಹೀರುತ್ತಿರುತ್ತವೆ, ಅಂದರೆ ದಿನಕ್ಕೆ ಸುಮಾರು ಒಂದು ಆಂಪಿಯರ್ ಅವರ್. ನಿಮ್ಮಂಥ ಕಾರಿನ 35 ಆಂಪಿಯರ್ ಅವರ್ ಬ್ಯಾಟರಿ ಮೂರು ವಾರದಲ್ಲಿ ಅರ್ಧಕ್ಕಿಂತ ಕೆಳಗಿಳಿಯುತ್ತದೆ. ಲೆಡ್ ಬ್ಯಾಟರಿಯನ್ನು ಅರ್ಧ ಖಾಲಿಯಾಗಿ ನಿಲ್ಲಿಸಿದರೆ ಪ್ಲೇಟಿನ ಮೇಲೆ ಸಲ್ಫೇಟ್ ಗಟ್ಟಿಯಾಗಿ ಕೂರುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಳೆಯ ಕಸುವು ಬರುವುದಿಲ್ಲ. ಐದು ವರ್ಷ ಬರಬೇಕಾದ ಬ್ಯಾಟರಿ ಎರಡೂವರೆ ವರ್ಷಕ್ಕೇ ಕೈಕೊಡುವುದು ಇದರಿಂದ.

ಎಲೆಕ್ಟ್ರಿಕ್ ಮೋಟಾರ್‌ಗೆ ಈ ಯಾವ ಗೋಳೂ ಇಲ್ಲ. ಅದು ಕಾಯಬೇಕಿಲ್ಲ, ಅದರಲ್ಲಿ ನೀರು ಹುಟ್ಟುವುದಿಲ್ಲ. ದಿನಕ್ಕೆ ನಾಲ್ಕು ಸಲ ಒಂದೊಂದು ಕಿ.ಮೀ. ಓಡಿಸಿದರೂ, ಒಂದೇ ಸಲ ನಾಲ್ಕು ಕಿ.ಮೀ. ಓಡಿಸಿದರೂ ಅದಕ್ಕೆ ಒಂದೇ. ಕ್ಲಚ್ಚೂ ಇಲ್ಲ, ಗೇರೂ ಇಲ್ಲ. ಸಣ್ಣ ಪೆಟ್ರೋಲ್ ಕಾರುಗಳ ಎಎಂಟಿಯಲ್ಲೂ (ಮಾಮೂಲಿ ಗೇರನ್ನೇ ಯಂತ್ರ ತಾನಾಗಿ ಬದಲಿಸುವ ಆಟೊಮ್ಯಾಟಿಕ್) ಕ್ಲಚ್ ಪೆಡಲ್ ಇರುವುದಿಲ್ಲ, ಆದರೆ ಟ್ರಾಫಿಕ್‌ನಲ್ಲಿ ತಲೆ ಅಲ್ಲಾಡಿಸುವಂತೆ ಜಗ್ಗುತ್ತದೆ, ಏರಿನಲ್ಲಿ ನಿಂತು ಹೊರಡುವಾಗ ಹಿಂದೆ ಸರಿಯಲೂಬಹುದು. ಮನೆಯ ಗೇಟಿನ ರ್‍ಯಾಂಪ್ ಕಡಿದಾಗಿದ್ದರೆ ಟೆಸ್ಟ್ ಡ್ರೈವ್ ಕಾರನ್ನು ಅಲ್ಲಿಗೇ ತರಿಸಿ, ರಿವರ್ಸ್‌ನಲ್ಲಿ ಹತ್ತಿಸಿ ನೋಡಿ. ಶೋರೂಮ್ ಮುಂದಿನ ಚಪ್ಪಟೆ ರಸ್ತೆಯಲ್ಲಿ ಇದೇನೂ ತಿಳಿಯುವುದಿಲ್ಲ.

ಇವಿಯೂ ದೇವರ ಗಾಡಿಯಲ್ಲ. ಬ್ಯಾಟರಿ ಓಡಿಸಿದರೂ ಸವೆಯುತ್ತದೆ, ಸುಮ್ಮನೆ ನಿಂತರೂ ಮುದಿಯಾಗುತ್ತದೆ. ಬಿಸಿಲಲ್ಲಿ, ಅದರಲ್ಲೂ ಪೂರ್ತಿ ತುಂಬಿಸಿ ನಿಲ್ಲಿಸಿದರೆ ಇನ್ನೂ ಬೇಗ. ಮೈಸೂರಿನ ಹವೆ, ನೆರಳಿನ ಶೆಡ್ ನಿಮಗೆ ಅನುಕೂಲ. ಕಲಬುರಗಿಯ ಬಯಲಲ್ಲಿ ನಿಲ್ಲಿಸುವವರಿಗೆ ಇದೇ ಮಾತು ಹೇಳಲಾಗದು. ಬ್ರೇಕ್‌ನದು ವಿಚಿತ್ರ ಕಥೆ. ಕಾಲು ತೆಗೆದರೆ ಮೋಟಾರೇ ವೇಗ ತಗ್ಗಿಸುವುದರಿಂದ ಬ್ರೇಕ್ ಪ್ಯಾಡ್ ಡಿಸ್ಕನ್ನು ಮುಟ್ಟುವುದೇ ಅಪರೂಪ, ಮಳೆಗಾಲದಲ್ಲಿ ಡಿಸ್ಕ್ ತುಕ್ಕು ಹಿಡಿದು ಕರಕರ ಎನ್ನುತ್ತದೆ. ವಾರಕ್ಕೊಮ್ಮೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಸಾಕು. ಇನ್ನು ಇವಿಯಲ್ಲೂ 12 ವೋಲ್ಟಿನ ಸಣ್ಣ ಬ್ಯಾಟರಿ ಒಂದಿದೆ. ಅದು ಸತ್ತರೆ ದೊಡ್ಡ ಬ್ಯಾಟರಿ ತುಂಬಿ ತುಳುಕುತ್ತಿದ್ದರೂ ಕಾರು ಎದ್ದೇಳುವುದಿಲ್ಲ, ಏಕೆಂದರೆ ದೊಡ್ಡದನ್ನು ಜೋಡಿಸುವ ಸ್ವಿಚ್ಚಿಗೆ ಕರೆಂಟ್ ಕೊಡುವುದೇ ಸಣ್ಣದು.

ಬೆಂಗಳೂರಿಗೆ ಹೋಗುವಾಗ ನಿಮ್ಮ ಮನೆಯಿಂದ ಸುಮಾರು 150 ಕಿ.ಮೀ. ಕಾಗದದ ಮೇಲಿನ ರೇಂಜ್‌ನಲ್ಲಿ (ಒಮ್ಮೆ ಚಾರ್ಜ್ ಮಾಡಿದರೆ ಓಡುವ ದೂರ) ಮೂರನೇ ಎರಡು ಭಾಗ ಮಾತ್ರ ನಿಜ ಎಂದು ಹಿಡಿಯುವುದು ಒಳ್ಳೆಯದು. 24 ಯೂನಿಟ್ ಬ್ಯಾಟರಿ ಎಸಿ ಹಾಕಿ 90ರ ವೇಗದಲ್ಲಿ 165-170 ಕಿ.ಮೀ. ಹೋಗಬಹುದು, 100 ಹಿಡಿದರೆ ಅಷ್ಟೂ ಇಲ್ಲ. ತಲುಪಬಹುದು, ಆದರೆ ಕೊನೆಯ ಇಪ್ಪತ್ತು ಕಿ.ಮೀ. ಕಣ್ಣೆಲ್ಲ ಪರ್ಸೆಂಟ್ ಮೇಲೇ ಇರುತ್ತದೆ. ಮಂಡ್ಯದಿಂದ ಬಿಡದಿಯ ನಡುವೆ ಎಲ್ಲಾದರೂ ತಿಂಡಿಗೆ ನಿಂತಾಗ ಅರ್ಧ ಗಂಟೆ ಚಾರ್ಜ್‌ಗೆ ಹಾಕುವುದೇ ನೆಮ್ಮದಿ. ಎಕ್ಸ್‌ಪ್ರೆಸ್‌ವೇಯ ಮುಖ್ಯ ಪಥದಲ್ಲಿ ಹೋಗುತ್ತಾ ಇದ್ದರೆ ಚಾರ್ಜರ್ ಇರುವ ಹೋಟೆಲ್‌ಗಳು ಪಕ್ಕದಲ್ಲೇ ಕಂಡರೂ ಹೋಗಲಾಗದು, ಮುಂಚಿತವಾಗಿಯೇ ಸರ್ವೀಸ್ ರಸ್ತೆಗೆ ಇಳಿದಿರಬೇಕು. ಇನ್ನೂ ಚಿಕ್ಕ ಬ್ಯಾಟರಿಯ ಕಾರುಗಳು ಬೆಲೆ ಕಡಿಮೆ ಎಂದು ಆಸೆ ಹುಟ್ಟಿಸುತ್ತವೆ. ಅವುಗಳಲ್ಲಿ ಕೆಲವಕ್ಕೆ ಫಾಸ್ಟ್ ಚಾರ್ಜಿಂಗ್ ಸೌಲಭ್ಯವೇ ಇಲ್ಲ, ಬೆಂಗಳೂರಿಗೆ ಬಸ್ಸು ರೈಲು ಸಾಕು ಎನ್ನುವವರಿಗಷ್ಟೇ ಅವು ಸರಿ. ಬ್ಯಾಟರಿಯನ್ನು ಬಾಡಿಗೆಗೆ ಕೊಟ್ಟು ಕಿ.ಮೀ.ಗೆ ಇಷ್ಟು ಎಂದು ವಸೂಲು ಮಾಡುವ ಯೋಜನೆಗಳಲ್ಲಿ ‘ತಿಂಗಳಿಗೆ ಕನಿಷ್ಠ ಇಷ್ಟು ಕಿ.ಮೀ.’ ಎಂಬ ಷರತ್ತು ಇದೆಯೇ ಎಂದು ಸಹಿ ಮಾಡುವ ಮುನ್ನ ಓದಿ. ಇದ್ದರೆ ನೀವು ಓಡಿಸದ ದಾರಿಗೂ ಬಾಡಿಗೆ ಕಟ್ಟುತ್ತೀರಿ.

ಅಮೆರಿಕಕ್ಕೆ ಹೋಗುವಾಗ ಏನು ಮಾಡಬೇಕು? ಪೆಟ್ರೋಲ್ ಕಾರಾದರೆ ಟ್ಯಾಂಕ್ ಪೂರ್ತಿ ತುಂಬಿಸಿ. ಈಗಿನ ಪೆಟ್ರೋಲಿನಲ್ಲಿ 20 ಪರ್ಸೆಂಟ್ ಎಥನಾಲ್ ಇದೆ, ಅದು ಗಾಳಿಯ ತೇವ ಹೀರುತ್ತದೆ, ಟ್ಯಾಂಕಿನಲ್ಲಿ ಖಾಲಿ ಜಾಗ ಕಡಿಮೆಯಿದ್ದಷ್ಟೂ ತೇವ ಕಡಿಮೆ. (2023ರ ಏಪ್ರಿಲ್‌ಗಿಂತ ಹಿಂದಿನ ಬಹುತೇಕ ಕಾರುಗಳ ರಬ್ಬರ್ ಪೈಪು, ಸೀಲುಗಳು ಈ ಮಿಶ್ರಣಕ್ಕೆಂದು ಮಾಡಿದವಲ್ಲ, ಮುಂದಿನ ಸರ್ವೀಸಿನಲ್ಲಿ ನಿಮ್ಮ ಈಗಿನ ಕಾರಿನ ಫ್ಯುಯೆಲ್ ಪೈಪ್ ಬಿರುಕು ಬಿಟ್ಟಿದೆಯೇ ನೋಡಲು ಹೇಳಿ.) ನಡುವೆ ಓಡಿಸುವವರು ಯಾರೂ ಇಲ್ಲದಿದ್ದರೆ 10 ನಂಬರ್ ಸ್ಪ್ಯಾನರ್‌ನಿಂದ ಬ್ಯಾಟರಿಯ ನೆಗೆಟಿವ್ ತಂತಿ ಬಿಚ್ಚಿಡಿ. ಟೈರಿಗೆ ಐದು ಪಿಎಸ್‌ಐ ಹೆಚ್ಚು ಗಾಳಿ ಹಾಕಿ. ಹ್ಯಾಂಡ್‌ಬ್ರೇಕ್ ಎಳೆದು ಬಿಟ್ಟರೆ ಬ್ರೇಕ್ ಶೂ ಡ್ರಮ್ಮಿಗೆ ಅಂಟಿಕೊಳ್ಳುತ್ತದೆ, ಅದರ ಬದಲು ಚಕ್ರಕ್ಕೆ ಇಟ್ಟಿಗೆಯೋ ಮರದ ತುಂಡೋ ಕೊಡಿ. ಇವಿಯಾದರೆ ಬ್ಯಾಟರಿ 50-60 ಪರ್ಸೆಂಟ್ ಇಟ್ಟು ಪ್ಲಗ್ ತೆಗೆದುಬಿಡಿ. ನೂರಕ್ಕೆ ತುಂಬಿಸಿ ಹೋಗುವುದೂ ತಪ್ಪು, ಹತ್ತಕ್ಕೆ ಬಿಟ್ಟು ಹೋಗುವುದು ಇನ್ನೂ ದೊಡ್ಡ ತಪ್ಪು. ಸಣ್ಣ ಬ್ಯಾಟರಿ ಬಿಚ್ಚಬಹುದೇ ಎಂಬುದು ಕಂಪನಿಯಿಂದ ಕಂಪನಿಗೆ ಬೇರೆ, ಮ್ಯಾನ್ಯುಯಲ್ ಹೇಳಿದಂತೆ ಮಾಡಿ. ಪಕ್ಕದ ಮನೆಯವರು ಎರಡು ಮೂರು ವಾರಕ್ಕೊಮ್ಮೆ ಹೊರತೆಗೆದು ಒಂದು ಸುತ್ತು ಹಾಕಿದರೆ ಎರಡೂ ಬಗೆಯ ಕಾರಿಗೆ ಒಳ್ಳೆಯದು. ಇಲಿಗೆ ಎರಡೂ ಒಂದೇ, ವೈರ್ ಕಡಿದೇ ಕಡಿಯುತ್ತದೆ. ಬಾನೆಟ್ ಕೆಳಗೆ ಹೊಗೆಸೊಪ್ಪು ಇಡುವುದಕ್ಕಿಂತ ತಳದ ಸಂದುಗಳಿಗೆ ಜಾಲರಿ ಹಾಕಿಸುವುದು ಗಟ್ಟಿ ಉಪಾಯ.

ಇಷ್ಟೆಲ್ಲ ತೂಗಿದ ಮೇಲೆ ನಿಮಗೆ ಹೇಳುವುದು ಇದು: ಮೊಣಕಾಲು ತಡೆಯುವಷ್ಟು ದಿನ ಹಳೆಯ ಕಾರನ್ನೇ ಇಟ್ಟುಕೊಳ್ಳಿ. ಅದರ ಆರ್‌ಸಿಗೆ 2028ರವರೆಗೆ ಆಯುಸ್ಸಿದೆ. ವರ್ಷಕ್ಕೊಮ್ಮೆ, ಕಿ.ಮೀ. ಎಷ್ಟೇ ಆಗಿರಲಿ, ಆಯಿಲ್ ಬದಲಿಸಿ; ವಾರಕ್ಕೊಂದು ದಿನ ರಿಂಗ್ ರೋಡಿನಲ್ಲಿ ಅರ್ಧ ಗಂಟೆ ಓಡಿಸಿ. ಟೈರಿನ ಪಕ್ಕದ ನಾಲ್ಕು ಅಂಕಿ ನೋಡಿ, 2318 ಎಂದಿದ್ದರೆ 2018ರ 23ನೇ ವಾರದ ಟೈರ್. ಟೈರಿನ ಗೆರೆಗಳು ಎಷ್ಟೇ ಆಳವಿರಲಿ, ಆರು ವರ್ಷ ದಾಟಿದ್ದರೆ ಬದಲಿಸಿ.

ಬದಲಿಸಲೇಬೇಕು ಎನ್ನುವುದಾದರೆ ಎರಡು ಮೂರು ವರ್ಷ ಹಳೆಯ, 24 ಯೂನಿಟ್ ಬ್ಯಾಟರಿಯ ಇವಿ ಹುಡುಕಿ. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಇವಿಯ ಬೆಲೆ ಬೇಗ ಇಳಿಯುತ್ತದೆ. ಹೊಸದಾಗಿ ಕೊಂಡವರಿಗೆ ಅದು ನಷ್ಟ, ನಿಮಗೆ ಲಾಭ. ಹೊಸ ಪೆಟ್ರೋಲ್ ಆಟೊಮ್ಯಾಟಿಕ್ ಬೆಲೆಗೆ ಅಥವಾ ಅದಕ್ಕಿಂತ ಕಡಿಮೆಗೆ ಸಿಕ್ಕಿದರೆ ಮೇಲಿನ ಮೂರು ಲಕ್ಷದ ಅಂತರವೇ ಅಳಿಸಿಹೋಯಿತು. ಬ್ಯಾಟರಿ ವಾರಂಟಿ ಎರಡನೇ ಮಾಲೀಕರಿಗೆ ಎಷ್ಟು ವರ್ಷ ಮುಂದುವರಿಯುತ್ತದೆ ಎಂದು ಕಂಪನಿಯಿಂದ ಬರಹದಲ್ಲೇ ತೆಗೆದುಕೊಳ್ಳಿ, ‘ಜೀವಾವಧಿ ವಾರಂಟಿ’ ಎಂಬುದು ಮೊದಲ ಮಾಲೀಕರಿಗಷ್ಟೇ ಇರಬಹುದು. ಸರ್ವೀಸ್ ಸೆಂಟರ್‌ನಲ್ಲಿ ಬ್ಯಾಟರಿ ಆರೋಗ್ಯದ ವರದಿ ಕೇಳಿ. ಜೊತೆಗೆ ನೀವೇ ಒಂದು ಪರೀಕ್ಷೆ ಮಾಡಬಹುದು: 10 ಪರ್ಸೆಂಟ್‌ಗೆ ಇಳಿಸಿ, ಮಧ್ಯೆ ಯೂನಿಟ್ ಮೀಟರ್ ಕೂರಿಸಿ 100ಕ್ಕೆ ತುಂಬಿಸಿ. ಆರೋಗ್ಯವಂತ 24 ಯೂನಿಟ್ ಬ್ಯಾಟರಿ ಗೋಡೆಯಿಂದ 24-25 ಯೂನಿಟ್ ಎಳೆಯುತ್ತದೆ. 20ಕ್ಕೇ ನಿಂತರೆ ಐದರಲ್ಲಿ ಒಂದು ಭಾಗದಷ್ಟು ಸವೆದಿದೆ ಎಂದರ್ಥ, ಬೆಲೆಯನ್ನು ಆ ಲೆಕ್ಕದಲ್ಲೇ ಮಾತಾಡಿ.

ಮನೆಯ ಚಾರ್ಜಿಂಗ್‌ಗೆ ಮೂವತ್ತು ನಲವತ್ತು ಸಾವಿರದ ವಾಲ್‌ಬಾಕ್ಸ್ (ಗೋಡೆಗೆ ಕೂರಿಸುವ ಚಾರ್ಜರ್) ನಿಮಗೆ ಬೇಡ. ವಾರಕ್ಕೆ 60 ಕಿ.ಮೀ. ಅಂದರೆ 9 ಯೂನಿಟ್, ಕಾರಿನ ಜೊತೆ ಬರುವ ಪೋರ್ಟಬಲ್ ಚಾರ್ಜರ್‌ನಲ್ಲಿ ವಾರಕ್ಕೊಂದು ರಾತ್ರಿ ಮೂರು ನಾಲ್ಕು ಗಂಟೆ ಸಾಕು. ಆದರೆ ಆ ಒಂದು ಸಾಕೆಟ್ ಮಾತ್ರ ಸರಿಯಾಗಿರಬೇಕು. ಶೆಡ್‌ನಲ್ಲಿ ಈಗಿರುವ ಹಳೆಯ ಪಾಯಿಂಟ್‌ಗೆ ಚುಚ್ಚಬೇಡಿ: ಗೀಸರ್ ಕಾಲು ಗಂಟೆ ಎಳೆದರೆ ಸುಮ್ಮನಿರುವ ಸಾಕೆಟ್, 14-15 ಆಂಪಿಯರ್ ನಾಲ್ಕು ಗಂಟೆ ಎಳೆದಾಗ ಕರಗಬಹುದು. ಮೀಟರ್ ಬೋರ್ಡಿನಿಂದ ಬೇರೆಯೇ 4 ಸ್ಕ್ವೇರ್ ಎಂಎಂ ತಾಮ್ರದ ವೈರ್, 20 ಆಂಪಿಯರ್ ಎಂಸಿಬಿ (ಲೋಡ್ ಮೀರಿದರೆ ತಾನೇ ಬೀಳುವ ಸ್ವಿಚ್), 30 ಮಿಲಿ ಆಂಪಿಯರ್‌ನ ಟೈಪ್-ಎ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಬೀಳುವ ಸ್ವಿಚ್), 16 ಆಂಪಿಯರ್‌ನ ಇಂಡಸ್ಟ್ರಿಯಲ್ ಅಥವಾ ಒಳ್ಳೆ ದರ್ಜೆಯ ಸಾಕೆಟ್, ಎಕ್ಸ್‌ಟೆನ್ಷನ್ ಬಾಕ್ಸ್ ಖಂಡಿತ ಬೇಡ. ಮಂಜೂರಾದ ಲೋಡ್ 2-3 ಕಿಲೋವ್ಯಾಟ್ ಇದ್ದರೆ 5ಕ್ಕೆ ಏರಿಸಿಕೊಳ್ಳಿ. ಇಲ್ಲದಿದ್ದರೂ ಗೀಸರ್ ಹಾಕುವ ಹೊತ್ತಿಗೆ ಚಾರ್ಜಿಂಗ್ ಬೇಡ. ಎಲ್ಲಕ್ಕಿಂತ ಹೆಚ್ಚಾಗಿ ಕಾಡುವುದು ಅರ್ಥಿಂಗ್. ಇಪ್ಪತ್ತು ಮೂವತ್ತು ವರ್ಷದ ಮನೆಗಳಲ್ಲಿ ಅರ್ಥ್ ಗುಂಡಿ ಒಣಗಿ ತಂತಿ ತುಕ್ಕು ಹಿಡಿದಿರುತ್ತದೆ. ಫ್ಯಾನ್, ಟಿವಿಗೆ ಗೊತ್ತಾಗುವುದಿಲ್ಲ, ಕಾರಿನ ಚಾರ್ಜರ್ ಮಾತ್ರ ಕೆಂಪು ದೀಪ ತೋರಿಸಿ ಕೈಕಟ್ಟಿ ಕೂರುತ್ತದೆ. ಎಲೆಕ್ಟ್ರಿಷಿಯನ್ ಬಂದಾಗ ನ್ಯೂಟ್ರಲ್‌ಗೂ ಅರ್ಥ್‌ಗೂ ನಡುವೆ ಮಲ್ಟಿಮೀಟರ್ ಇಡಿಸಿ. ಗೀಸರ್ ಆನ್ ಇರುವಾಗಲೂ ಎರಡು ಮೂರು ವೋಲ್ಟ್ ಮೀರಬಾರದು. ಮೀರಿದರೆ ಮೊದಲು ಗುಂಡಿ ಸರಿಮಾಡಿಸಿ, ಆಮೇಲೆ ಕಾರು ಮಾರುವವರನ್ನು ಕರೆಸಿ, ಅವರದೇ ಕಾರನ್ನು ಅವರದೇ ಚಾರ್ಜರ್‌ನಿಂದ ನಿಮ್ಮ ಸಾಕೆಟ್‌ಗೆ ಅರ್ಧ ಗಂಟೆ ಹಾಕಿ ನೋಡಿ. ಪ್ಲಗ್ ಕೈಗೆ ಬೆಚ್ಚಗಿದ್ದರೆ ಪರವಾಗಿಲ್ಲ. ಸುಡುತ್ತಿದ್ದರೆ ಅಡ್ವಾನ್ಸ್ ಕೊಡುವುದನ್ನು ಮುಂದಿನ ವಾರಕ್ಕೆ ಇಟ್ಟುಕೊಳ್ಳಿ.